ಭಾವನವರ ಬದಲಾಗದ ನಕ್ಷತ್ರ

ಮಾನ್ಯ ಓದುಗರಲ್ಲಿ ಅರಿಕೆ. ವಿಮಾ ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನನ್ನ ಕೋಳಿಕಾಲು ಅಕ್ಷರವನ್ನೂ ಕಾಗುಣಿತವನ್ನೂ ಮೊದಲೇ ಮನ್ನಿಸಬೇಕಾಗಿ ಪ್ರಾರ್ಥನೆ.

ನನ್ನ ಅಕ್ಕ ಮರೆವಿನ ಕಾಯಿಲೆಗೆ ತುತ್ತಾಗಿದ್ದಾಳೆ. ಅವಳ ಪತಿ, ಅಂದರೆ ನನ್ನ ಭಾವನವರು, ಅಹಮದಾಬಾದಿನ ವಸ್ತ್ರಾಪುರದಲ್ಲಿ ವಾಸವಾಗಿರುವರೆಂಬುದು ಕೇವಲ ಆಧಾರ್ ಕಾರ್ಡಿನ ಹೇಳಿಕೆ. ಅವರ ಖಾಯಂ ವಿಳಾಸ ಆಕಾಶದ ಒಂದು ಮುದಿ ನಕ್ಷತ್ರ! ಅದರ ಬೆಳಕನ್ನು ಬಣ್ಣಬಣ್ಣವಾಗಿ ಸೀಳಿ, ಅದರೊಳಗಿನ ರೇಖೆಗಳನ್ನು ಅಳೆಯುವುದೇ ಇಪ್ಪತ್ತು ವರ್ಷಗಳಿಂದ ಅವರ ಉದ್ಯೋಗ. ಇಷ್ಟು ಕಾಲ ಸುಮ್ಮನಿದ್ದ ಆ ದೈತ್ಯ ನಕ್ಷತ್ರ ಈಗ ಮೈಮೇಲಿನ ಪದರಗಳನ್ನು ಕಿತ್ತೆಸೆಯುತ್ತ ಕೆಂಪಿನಿಂದ ಹಳದಿಗೆ ತಿರುಗುತ್ತಿದೆಯಂತೆ. ಇದ್ದ ರೇಖೆಗಳು ಅಳಿಸಿಹೋಗಿ, ಇಲ್ಲದವು ತಲೆಯೆತ್ತಿವೆಯಂತೆ. ಅದನ್ನೆಲ್ಲ ಏರುತಗ್ಗಿನ ಗೆರೆಗಳಲ್ಲಿ ತೋರಿಸುವ ನಕ್ಷೆಗಳು ನಡುಮನೆಯ ಗೋಡೆಯ ಮೇಲಿವೆ.

ಎದುರುಮನೆಯ ಗುಜರಾತಿ ಕಾಕಾ ಅವನ್ನು ಕಂಡು, "ಸಾಹೇಬ್, ಲೇವು ಕೆ ವೇಚವು?" ಎಂದು ಪಿಸುಗುಟ್ಟಿದರು. ಕೊಳ್ಳುವುದೋ, ಮಾರುವುದೋ? ಷೇರುಪೇಟೆಯ ಏರಿಳಿತವೆಂದು ತಿಳಿದಿದ್ದರು!

"ಯೇ ತೋ ಡೂಬೇಗಾ, ಕಾಕಾ," ಇದು ಮುಳುಗುವುದು ಖಂಡಿತ ಎಂದು ಭಾವನವರು ಗಂಭೀರವಾಗಿ ನುಡಿದರು. ಕಾಕಾ ಅಂದೇ ತಮ್ಮ ಷೇರುಗಳನ್ನು ಮಾರಿದರೆಂದು ತಿಳಿದುಬಂದಿದೆ.

ಅಕ್ಕನ ಕಾಯಿಲೆ ವಾಸಿಯಾಗುವುದಿಲ್ಲ, ಗಮನಿಸುತ್ತಿರಿ ಎಂದರು ವೈದ್ಯರು. ಗಮನಿಸುವುದೊಂದನ್ನು ಭಾವನವರಿಗೆ ಹೇಳಿಕೊಡಬೇಕೇ? ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಕುರ್ಚಿ, ಅಕ್ಕನ ನೆನಪನ್ನು ಅಳೆಯುವ ಅವೇ ಐದು ಪ್ರಶ್ನೆ. ಆದರೆ ತಮ್ಮ ನಕ್ಷತ್ರವನ್ನು ಅಳೆಯುವ ಮುನ್ನ, ಎಂದೂ ಬದಲಾಗದ ಇನ್ನೊಂದು ನಕ್ಷತ್ರವನ್ನು ಅಳೆಯುವುದು ಅವರ ಪದ್ಧತಿ. ಅದರಲ್ಲೂ ವ್ಯತ್ಯಾಸ ಕಂಡರೆ ದೋಷ ಉಪಕರಣದ್ದೆಂದು ತೀರ್ಮಾನ.

"ಮೊದ್ಲು ನೀನು ಕೂತ್ಕೊಳಯ್ಯ. ಮೂವತ್ತು ವರ್ಷದಿಂದ ನಿನ್ನಲ್ಲಿ ಒಂದ್ ಬದಲಾವಣೇನೂ ಕಂಡಿಲ್ಲ!" ಎಂದು ಭಾವನವರು ಅಕ್ಕನಿಗಿಂತ ಮೊದಲು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸುತ್ತಿದ್ದರು.

"ಪಾಪ, ಅವನನ್ನ ಯಾಕ್ರೀ ಗೋಳು ಹೊಯ್ಕೋತೀರಾ?" ಎಂದು ಅಕ್ಕ ನಗುತ್ತಿದ್ದಳು.

ಅವಳ ಸರಿಯುತ್ತರಗಳು ಐದರಿಂದ ಮೂರಾಗಿ, ಒಂದಕ್ಕಿಳಿದವು. ನಗುವುದನ್ನೂ ನಿಲ್ಲಿಸಿದಳು. ಗೋಡೆಯ ಮೇಲೆ ಅವಳದೂ ಒಂದು ನಕ್ಷೆ ಬಂತು. ಅದನ್ನು ಕಂಡು ಕಾಕಾ ಕೂಡ ಏನನ್ನೂ ಕೇಳಲಿಲ್ಲ.

ಕಳೆದ ತಿಂಗಳ ಒಂದು ಭಾನುವಾರ, "ನಿನ್ನೆ ಮಧ್ಯಾಹ್ನ ಏನ್ ಊಟ ಮಾಡ್ದೆ?" ಎಂಬ ಪ್ರಶ್ನೆಗೆ ನಾನೇ ತಡವರಿಸಿದೆ. ಸೆರಗಿನ ಅಂಚು ತಿರುಚುತ್ತ ತನ್ನ ಸರದಿಗೆ ಹೆದರಿ ಕುಳಿತಿದ್ದ ಅಕ್ಕನನ್ನೇ ನೋಡುತ್ತಿದ್ದವನಿಗೆ ನಿಜವಾಗಿಯೂ ಮರೆತುಹೋಗಿತ್ತು!

"ನೆನಪಾಗ್ತಿಲ್ಲ, ಭಾವ."

ಭಾವನವರ ಪೆನ್ನು ನಿಂತಿತು. ಎದ್ದು ಹೋಗಿ ಅಕ್ಕನ ಎರಡೂ ಕೈ ಹಿಡಿದುಕೊಂಡರು.

"ಕೇಳಿದ್ಯೇನೇ? ಇವನಿಗೂ ನೆನಪಿಲ್ವಂತೆ! ತಪ್ಪು ನಿಂದಲ್ಲ ಕಣೇ, ನನ್ ಪ್ರಶ್ನೇದು!"

ಅಕ್ಕ ಎಷ್ಟೋ ವಾರಗಳ ನಂತರ ನಕ್ಕಳು. ಭಾವನವರು ಆ ದಿನದ ಅಳತೆಯನ್ನು ರದ್ದುಪಡಿಸಿದರು.

ಅಂದಿನಿಂದ ಪ್ರತಿ ಭಾನುವಾರ ನಾನು ಬೇಕೆಂದೇ ಒಂದೆರಡು ತಪ್ಪು ಉತ್ತರ ಕೊಡುತ್ತಿದ್ದೇನೆ. ಈ ಬರಹದ ತಪ್ಪುಗಳು ಅಂಥವಲ್ಲವಾದ್ದರಿಂದ ತಾವು ದಯವಿಟ್ಟು ತಿದ್ದಬಹುದು. ಭಾನುವಾರದವನ್ನು ಮಾತ್ರ ಯಾರೂ ತಿದ್ದಬಾರದೆಂದು ವಿನಂತಿ.