ಹಲ್ಲಿನ ಕಾಲೇಜಿನ ಮೂರನೆಯ ನಿಯಮ

ಇಂಗ್ಲಿಷ್ ಬಾರದವರ ಮನೆಯಲ್ಲಿ ಇಂಗ್ಲಿಷ್ ಬಲ್ಲವನೊಬ್ಬನಿದ್ದರೆ ಅವನಿಗೆ ಸಿಗುವ ಮರ್ಯಾದೆ ಅಮಲ್ದಾರರಿಗೂ ಸಿಗುವುದಿಲ್ಲ. ಟಪಾಲಿನವನು ಕಾಗದ ಕೊಟ್ಟು ಹೋದರೆ, ನಾನು ಸ್ನಾನ ಮುಗಿಸಿ ಬರುವವರೆಗೂ ಅದು ದೇವರ ಗೂಡಿನಲ್ಲಿ ಕಾಯುತ್ತಿತ್ತು. ನಾನು ಓದಿದ್ದೇ ಓದು, ಹೇಳಿದ್ದೇ ಅರ್ಥ. ಇಷ್ಟು ಅಧಿಕಾರ ಕೈಗೆ ಸಿಕ್ಕ ಮನುಷ್ಯ ಒಂದಲ್ಲ ಒಂದು ದಿನ ಅದನ್ನು ದುರುಪಯೋಗ ಮಾಡಿಕೊಂಡೇ ತೀರುತ್ತಾನೆ. ನಾನು ಮಾಡಿಕೊಂಡದ್ದು ಹಲ್ಲಿನ ವಿಷಯದಲ್ಲಿ.

ಆಗ ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿತ್ತು. ಅಪ್ಪ ಕಬ್ಬಿಣದ ಕಾರ್ಖಾನೆಯ ಉಗ್ರಾಣದಲ್ಲಿ ಮೇಸ್ತ್ರಿ. ನಾನು ದಿನವೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಇಂಟರ್‌ಮೀಡಿಯೆಟ್ ಓದಿದವನು. ಸೇರುವಾಗ ಮನೆಯಲ್ಲಿ ದೊಡ್ಡ ಜಗಳವೇ ನಡೆದಿತ್ತು. ಅಮ್ಮ, "ಸೈನ್ಸ್ ತಗೊಳ್ಲಿ" ಎಂದಿದ್ದಳು. ಕಾರಣ ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಹುಡುಗ ತಗೊಂಡಿದ್ದ, ಅಷ್ಟೆ. ಅಪ್ಪ, "ಹಿಸ್ಟರಿ ಓದಿದೋನು ಅಮಲ್ದಾರ ಆಗ್ತಾನೆ, ಸೈನ್ಸ್ ಓದಿದೋನು ಕುಲುಮೆ ಮುಂದೆ ಬೇಯ್ತಾನೆ. ನಿಂಗೇನು ಗೊತ್ತು, ಸುಮ್ನಿರು ಮಾರಾಯ್ತಿ" ಎಂದು ಬಾಯಿ ಮುಚ್ಚಿಸಿದರು. ನಾನು ಪಾಣಿಪತ್ತಿನ ಮೂರು ಯುದ್ಧಗಳನ್ನೂ ಬಾಯಿಪಾಠ ಮಾಡಿ ಪಾಸಾದೆ. ಆದರೆ ಯಾವ ತಾಲ್ಲೂಕಿನವರೂ ಬಂದು ಅಮಲ್ದಾರನಾಗು ಎಂದು ಕರೆಯಲಿಲ್ಲ.

ಅಷ್ಟರಲ್ಲಿ ಅಪ್ಪನಿಗೆ ದವಡೆ ಹಲ್ಲಿನ ನೋವು ಬಂತು. ಶಿವಮೊಗ್ಗದ ಪೇಟೆಯಲ್ಲಿ ಹಲ್ಲು ಕೀಳುವ ಸಾಹೇಬರೊಬ್ಬರಿದ್ದರು. ಅವರ ಅಂಗಡಿಯ ಮುಂದೆ ಜನ ಕೆನ್ನೆ ಹಿಡಿದುಕೊಂಡು ಸಾಲಾಗಿ ಕೂತಿದ್ದರಂತೆ. ಅಪ್ಪನ ಹಲ್ಲು ಹೋಗಿ ಆ ಜಾಗಕ್ಕೆ ಒಂದು ಯೋಚನೆ ಬಂತು. "ಜ್ವರದ ಡಾಕ್ಟ್ರಿಗೆ ಒಬ್ಬ ಮನುಷ್ಯನಿಂದ ಒಂದೇ ಜ್ವರ. ಹಲ್ಲಿನ ಡಾಕ್ಟ್ರಿಗೆ ಒಂದೊಂದು ಬಾಯಲ್ಲೂ ಮೂವತ್ತೆರಡು ಕೇಸು. ಅದೂ ಇದು ಎಲೆಯಡಿಕೆ ಹಾಕೋ ಊರು" ಎಂದು ಹತ್ತಿ ಕಚ್ಚಿಕೊಂಡೇ ಹೇಳಿ, ಬೊಂಬಾಯಿಯ ಹಲ್ಲಿನ ಕಾಲೇಜೊಂದಕ್ಕೆ ನನ್ನಿಂದ ಕಾಗದ ಬರೆಸಿದರು.

ಪ್ರವೇಶದ ನಿಯಮಗಳ ಪುಸ್ತಕ ಬಂತು. ಅಮ್ಮ ಅದರ ಮೂಲೆಗೆ ಅರಿಶಿನ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಮೊದಲು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುವುದು, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು ಎಂದಾಯಿತು. ಮೊದಲನೆಯ ನಿಯಮ, ಹದಿನೇಳು ವರ್ಷ ತುಂಬಿರಬೇಕು. ತುಂಬಿತ್ತು. ಎರಡನೆಯದು, ಸಿಡುಬಿನ ದಾಕು ಹಾಕಿಸಿರಬೇಕು. ಅಮ್ಮ ನನ್ನ ತೋಳು ಎಳೆದು ಅಪ್ಪನಿಗೆ ಗುರುತು ತೋರಿಸಿದಳು. ಮೂರನೆಯದು, ಇಂಟರ್‌ಮೀಡಿಯೆಟ್‌ನಲ್ಲಿ ಸೈನ್ಸ್ ಓದಿ ಪಾಸಾಗಿರಬೇಕು, ಉಳಿದವರ ಅರ್ಜಿಯನ್ನು ನೋಡುವುದೇ ಇಲ್ಲ.

ನಾನು ತಲೆ ಎತ್ತಿದೆ. ಅಪ್ಪ ಕಾರ್ಖಾನೆಯ ಮ್ಯಾನೇಜರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು ನನ್ನ ಮುಂದೆ ನಿಂತಿದ್ದರು. ಪಕ್ಕದಲ್ಲೇ ಅಮ್ಮ. ಈ ಸಾಲನ್ನು ಕನ್ನಡಕ್ಕೆ ತಂದರೆ ಅಪ್ಪ ಉಳಿದ ಆಯುಷ್ಯವನ್ನೆಲ್ಲ "ನಾನು ಅವತ್ತೇ ಹೇಳಿದ್ದೆ" ಎಂಬ ಮಾತು ಕೇಳಿಕೊಂಡೇ ಕಳೆಯಬೇಕು. ನನಗೆ ಅಪ್ಪನ ಮೇಲೆ ತುಂಬ ಕನಿಕರ ಬಂತು. ನನ್ನ ಮೇಲೂ ಬಂತು ಎನ್ನಿ, ಏಕೆಂದರೆ ಅವತ್ತು ಬೆಳಗ್ಗೆಯಷ್ಟೇ ಬೀದಿಯವರು ನನ್ನನ್ನು "ಡಾಕ್ಟ್ರೇ" ಎನ್ನಲು ಶುರುಮಾಡಿದ್ದರು. ಮೂರನೆಯದನ್ನು ನುಂಗಿ ನಾಲ್ಕನೆಯದಕ್ಕೆ ಹಾರಿದೆ.

ನಾಲ್ಕನೆಯದು ಕೈಚಳಕ. ಸೀಮೆಸುಣ್ಣದಲ್ಲಿ ಹಲ್ಲು ಕೆತ್ತಿ ತೋರಿಸಬೇಕು. ಅದನ್ನು ಕಲಿಯಲು ಅಪ್ಪ ನನ್ನನ್ನು ಅದೇ ಸಾಹೇಬರ ಬಳಿ ಕಳಿಸಿದರು. ನಾನು ಕೆತ್ತಿದ ದವಡೆ ಹಲ್ಲು ಒರಳುಕಲ್ಲಿನ ಹಾಗಿತ್ತು. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪರವಾಗಿಲ್ಲ, ಆನೆಗೆ ಆಗುತ್ತೆ" ಎಂದರು. ಕಾಲೇಜಿನವರು ಇನ್ನೇನು ಕೇಳುತ್ತಾರೆಂದು ವಿಚಾರಿಸಿ, ನಾನು ಹೇಳಿದ ಪಟ್ಟಿ ಕೇಳಿದ ಮೇಲೆ, "ಇಷ್ಟೆಲ್ಲ ಬೇಕು ಅಂದ್ರೆ ನಂಗೆ ನನ್ನ ದುಕಾನಿನ ಒಳಗೇ ಸೀಟು ಸಿಗಲ್ಲ ಬಿಡಿ" ಎಂದು ನಕ್ಕರು. ಅವರಿಗೂ ನಾನು ಮೂರನೆಯದನ್ನು ಹೇಳಿರಲಿಲ್ಲ. ಅರ್ಜಿಯ ಜೊತೆಗಿಡಲು ನಡತೆಯ ಬಗ್ಗೆ ಪತ್ರ ಬರೆದುಕೊಟ್ಟ ಹಳೆಯ ಮೇಷ್ಟರು ನನ್ನನ್ನು "ಸತ್ಯವಂತ" ಎಂದು ಬರೆದುಬಿಟ್ಟರು. ಅದನ್ನು ಮನೆಯಲ್ಲಿ ಓದಿ ಹೇಳುವಾಗ ಆ ಒಂದು ಪದವನ್ನೂ ಹಾರಿಸಿದೆ.

ಕೊನೆಗೆ ಅಂಚೆ ಕಚೇರಿಯ ಕಿಟಕಿಯ ಮುಂದೆ ನನಗೆ ತಡೆಯಲಾಗಲಿಲ್ಲ. "ಅಪ್ಪ, ಒಂದು ಸಾಲು ಬಿಟ್ಟಿದ್ದೆ" ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಲಕೋಟೆಯನ್ನೇ ನೋಡುತ್ತ ನಿಂತರು.

"ಹಿಸ್ಟರಿ ತಗೋ ಅಂದೋರು ಯಾರು?"

"ನೀವು."

"ಸೈನ್ಸ್ ಅಂದಿದ್ದು?"

"ಅಮ್ಮ."

"ಹಾಕ್ಬಿಡು" ಎಂದರು. "ನಾವು ಹಾಕದೇ ಇದ್ರೆ ತಪ್ಪು ನಮ್ಮದಾಗುತ್ತೆ. ಅವರೇ ಬೇಡ ಅಂದ್ರೆ ತಪ್ಪು ಬೊಂಬಾಯಿಯವರದು."

ಬೊಂಬಾಯಿಯವರು ತಿಂಗಳೊಳಗೆ ಬೇಡ ಎಂದರು. ಆ ಕಾಗದವನ್ನೂ ನಾನೇ ಓದಿದೆ. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿ, "ಸೀಟು ಭರ್ತಿಯಾಗಿದೆಯಂತೆ" ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅಮ್ಮ, "ಅದಕ್ಕೇನಂತೆ, ಮುಂದಿನ ವರ್ಷ ಖಾಲಿ ಆಗುತ್ತಲ್ಲ, ಮತ್ತೆ ಹಾಕು" ಎಂದಳು. ಮರುವರ್ಷವೂ ಪುಸ್ತಕ ತರಿಸಿದೆವು, ಅರ್ಜಿ ಹಾಕಿದೆವು, ಸೀಟು ಭರ್ತಿಯಾಯಿತು. ಮೂರನೆಯ ವರ್ಷದ ಹೊತ್ತಿಗೆ ನನಗೆ ಶಿವಮೊಗ್ಗದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು, ಮದುವೆಯೂ ಆಗಿತ್ತು. ಆದರೂ ಅಮ್ಮ ಬಿಡಲಿಲ್ಲ, ಪುಸ್ತಕ ಮತ್ತೆ ಬಂತು.

ನಾನು ಕೈ ಚಾಚಿದೆ. ಅಮ್ಮ ಅದನ್ನು ನನಗೆ ಕೊಡದೆ, ಮೆಟ್ರಿಕ್ ಮುಗಿಸಿ ಬಂದಿದ್ದ ಸೊಸೆಗೆ ಕೊಟ್ಟಳು. "ನೀನು ಓದಮ್ಮ. ಇವನು ಪ್ರತಿ ಸಲ ಹೆಬ್ಬೆಟ್ಟು ಅಡ್ಡ ಇಟ್ಟು ದಾಟಿಸೋ ಸಾಲೊಂದಿದೆ, ಎರಡನೇದು ಆದ್ಮೇಲೆ. ಅದೊಂದು ಓದು."

ನನ್ನ ಹೆಂಡತಿ ಓದಿದಳು. ಒಂದಕ್ಷರ ಬಿಡದೆ ಕನ್ನಡದಲ್ಲೂ ಹೇಳಿದಳು. ಅಪ್ಪ ಹೆಂಚು ಎಣಿಸತೊಡಗಿದರು.

ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು. "ಇಷ್ಟೇನಾ? ನಿನ್ನ ಮೈಯಲ್ಲಿ ಏನೋ ಕೆಟ್ಟ ಕಾಯಿಲೆ ಇದೆ, ಅದಕ್ಕೇ ಅವರು ಬೇಡ ಅಂತಿದ್ದಾರೆ, ಅಪ್ಪ ಮಗ ಸೇರ್ಕೊಂಡು ಮುಚ್ಚಿಡ್ತಿದ್ದೀರಿ ಅಂದ್ಕೊಂಡು ಇಷ್ಟು ದಿನ ಒದ್ದಾಡಿದೀನಿ ಕಣೋ" ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಪ್ಪ "ನಾನು ಅವತ್ತೇ ಹೇಳಿದ್ದೆ" ಎಂಬ ಮಾತಿಗಾಗಿ ಕಾಯುತ್ತ ಕೂತರು. ಅವಳು ಅದನ್ನು ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು ಎಂದು ಅಪ್ಪ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದವಳು, "ಇನ್ಮೇಲೆ ಮನೆಗೆ ಬಂದ ಕಾಗದ ಇವಳೇ ಓದ್ತಾಳೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಇವತ್ತಿಗೂ ನನ್ನ ಹೆಂಡತಿಯೇ ಓದುತ್ತಾಳೆ, ನನ್ನ ಹೆಸರಿಗೆ ಬಂದದ್ದನ್ನೂ. ಓದಿ ಮಡಿಸಿಟ್ಟು, ನನಗೆ ಎಷ್ಟು ತಿಳಿಯಬೇಕೋ ಅಷ್ಟನ್ನು ಮಾತ್ರ ಹೇಳುತ್ತಾಳೆ.