ಎರಡು ಎಂಬಿಯೊಳಗಿನ ಕೆರೆ

ಬೀದರದ ಚಿದ್ರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಬೇರೆ ಅಂಗಡಿಗೆ ಬರೀ ಗಿರಾಕಿ ಬಂದರೆ, ನನ್ನಲ್ಲಿಗೆ ಗಿರಾಕಿಯ ಜೊತೆ ಫಜೀತಿಯೂ ಬರುತ್ತದೆ. ಮಳೆ ಕೈಕೊಟ್ಟು ಜನ ಗುಳೆ ಹೊರಟಿದ್ದ ವರ್ಷಗಳಲ್ಲಂತೂ ಕೇಳಲೇಬೇಡಿ.

ಔರಾದ ಕಡೆಯ ಒಂದು ಹಳ್ಳಿಯ ಕೆರೆ ಬತ್ತಿತ್ತು. ನೀರಿನ ಟ್ಯಾಂಕರ್ ಬೇಕೆಂದರೆ ಫೋಟೊ ಸಮೇತ ವರದಿ ಮೇಲಿನ ಆಫೀಸಿಗೆ ಹೋಗಬೇಕು. ಅಲ್ಲಿಯ ಕಂಪ್ಯೂಟರಿಗೆ ಎರಡು ಎಂಬಿಗಿಂತ ದೊಡ್ಡ ಫೈಲ್ ನುಂಗಲು ಬರುವುದಿಲ್ಲ. ನಾನು ಪುಟ ಕಟ್ಟಿದ ಫೈಲ್ ಮೂವತ್ತು ಎಂಬಿ. ಆ ಊರಿನ ಹಿರಿಯರೊಬ್ಬರು, "ಲಗೂ ಕಳಸು ಯವ್ವಾ, ದನ ನೀರಿಲ್ದ ಒದರ್ಲತ್ತಾವ," ಎಂದು ಬೆಂಚಿನ ಮೇಲೆ ಕೂತುಬಿಟ್ಟರು.

ಇಂಜಿನಿಯರ್ ಸಾಹೇಬರ ಎಂಬಿ

ವರದಿ ಮಾಡಿಸಲು ಬಂದವರು ಇಲಾಖೆಯ ಇಂಜಿನಿಯರ್. ನಾನು, "ಸರ್, ನಿಮ್ಮ ಎಂಬಿ ಭಾಳ ಆಗ್ಯಾದ್ರಿ. ಕಮ್ಮಿ ಮಾಡಬೇಕು," ಎಂದೆ.

ಅವರ ಮುಖ ಬಿಳಿಚಿತು. ಬಾಗಿಲು ಮುಂದೆ ಮಾಡಿ ಬಂದು, "ಯಾರ್ ಹೇಳಿದ್ರಿ ನಿಮಗ?" ಎಂದು ದನಿ ತಗ್ಗಿಸಿದರು.

"ಕಂಪ್ಯೂಟರ್ ತೋರಸ್ತದಲ್ರಿ."

"ಕಂಪ್ಯೂಟರ್‌ನಾಗ ಅದೂ ಕಾಣ್ತದೇನ್ರಿ?"

ಅವರ ಇಲಾಖೆಯಲ್ಲಿ ಎಂಬಿ ಎಂದರೆ ಮೆಜರ್‌ಮೆಂಟ್ ಬುಕ್, ಅಗೆದ ಮಣ್ಣಿನ ಅಳತೆ ಬರೆದು ಬಿಲ್ಲು ಎತ್ತುವ ಪುಸ್ತಕ. ನಾನು ಹೇಳಿದ್ದು ಫೈಲಿನ ಭಾರ ಎಂದು ತಿಳಿದ ಮೇಲೆ, ಅಂಥ ಬರದಲ್ಲೂ ಎರಡು ಗ್ಲಾಸ್ ನೀರು ಕುಡಿದರು.

ಮೀಸೆಗೆ ವಿನಾಯಿತಿ

ವರದಿಯ ಮೊದಲ ಪುಟದಲ್ಲಿ ಆ ಕಡೆಯ ಲೀಡರೊಬ್ಬರು ಮೇವು ಹಂಚುವ ಫೋಟೊ, ಪುಟದ ತುಂಬ. ಅದನ್ನು ಕಾಯಲು ಭಾಲ್ಕಿಯಿಂದ ಅವರ ಹಿಂಬಾಲಕ ಬಂದಿದ್ದ. "ರೆಸಲ್ಯೂಷನ್ ಇಳಸ್ತೀನಿ ಅಂತೀರಿ, ಹಂಗಂದ್ರೇನ್ರಿ?" ಎಂದ.

"ಚಿತ್ರದಾಗಿನ ಚುಕ್ಕಿ ಕಮ್ಮಿ ಮಾಡೋದ್ರಿ. ಫೈಲ್ ಹಗುರಾಗ್ತದ, ಮಾರಿ ಒಂಚೂರು ಮಸಕಾಗ್ತದ."

"ಲೀಡರ್ ಸಾಹೇಬರ ಮಾರಿ ಮುಟ್ಟಬ್ಯಾಡ್ರಿ. ಮೀಸಿ ಕೂದಲ ಎಣಸೋ ಹಂಗ ಇರಬೇಕು. ಹಿಂದಿನ ಮಂದಿ ಕಮ್ಮಿ ಮಾಡ್ರಿ, ಅವರೇನ್ ಕೇಳ್ತಾರ?"

"ಅದಕ್ಕ ನಾ ಯಾಕ್ರಿ? ಅರ್ಧ ಊರು ಆಗಲೇ ಹೈದರಾಬಾದಿಗಿ ಹೋಗ್ಯಾದ."

"ಹಂಗಾರ ಫೈಲ್ ತಾನೇ ಹಗುರಾಗಬೇಕಿತ್ತಲ್ರಿ," ಎಂದ ಆ ಪುಣ್ಯಾತ್ಮ.

ಕೆರೆ ತುಂಬಿತು

ಮೀಸೆ ಮುಟ್ಟುವಂತಿಲ್ಲ. ಉಳಿದದ್ದು ಕೆರೆಯ ಫೋಟೊ ಒಂದೇ. ಅದರ ಚುಕ್ಕಿ ತೆಗೆದೂ ತೆಗೆದೂ ಫೈಲ್ ಎರಡು ಎಂಬಿಗೆ ಇಳಿಯಿತು. ಕೆರೆ ತಳದ ಬಿರುಕುಗಳೆಲ್ಲ ಅಳಿಸಿ, ಎಲ್ಲ ನುಣ್ಣಗೆ ತಿಳಿಯಾಯಿತು.

"ಸರ್, ಬಿರುಕೇ ಕಾಣವಲ್ವು," ಎಂದೆ.

"ನೋಡೋರ್ಯಾರ್ರಿ? ಕಳಸ್ರಿ," ಎಂದರು ಇಂಜಿನಿಯರ್.

ಯಾರೋ ನೋಡಿಬಿಟ್ಟರು. ಒಂದು ತಾಸಿನೊಳಗೇ ಉತ್ತರ ಬಂತು: "ಕೆರೆಯು ತುಂಬಿರುವುದು ಛಾಯಾಚಿತ್ರದಿಂದ ಸ್ಪಷ್ಟವಾಗಿರುವುದರಿಂದ ಟ್ಯಾಂಕರಿನ ಅಗತ್ಯ ಕಂಡುಬರುವುದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ಬರೆಯಿರಿ ಎಂದರೆ ಇಂಜಿನಿಯರ್, "ಮ್ಯಾಲಿನವ್ರು ನೀರದಾವ ಅಂದ ಮ್ಯಾಲ ಇಲ್ಲ ಅಂತ ನಾ ಹ್ಯಾಂಗ ಬರೀಲ್ರಿ?" ಎಂದು ಎದ್ದು ಹೋದರು.

ಬೆಂಚಿನ ಮೇಲಿದ್ದ ಹಿರಿಯರು ಎದ್ದು ಬಂದರು. ಕನ್ನಡಕ ಏರಿಸಿ ಪರದೆಯನ್ನೇ ನೋಡಿದರು.

"ಖರೇನೇ ನೀರದಾವ ನೋಡವ್ವ," ಎಂದರು. "ಇದನ್ನ ಒಂದು ದೊಡ್ಡದು ಮಾಡಿ ಕೊಡು. ಒಯ್ದು ದನಕ್ಕ ತೋರಸ್ತೇನಿ."