ನಮ್ಮ ಕೆಂಪು ಕಾರಿಗೆ ಹೊಳಪು ಬರಿಸಿದ ವೃತ್ತಾಂತ

ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಕಡತಗಳ ಧೂಳು ಝಾಡಿಸಿದ ಮನುಷ್ಯನಿಗೆ ಒಂದು ಕಾರನ್ನು ಹೊಳೆಯಿಸುವುದು ಯಾವ ದೊಡ್ಡ ಕೆಲಸ? ಮುಂದಿನ ಅನಾಹುತಗಳೆಲ್ಲ ಹುಟ್ಟಿದ್ದು ಈ ಒಂದೇ ಪ್ರಶ್ನೆಯಿಂದ ಎಂಬುದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ.

ಅಣ್ಣಿಗೇರಿಯ ನಮ್ಮ ಮನೆಯ ಮುಂದೆ ಒಂದು ಬೇವಿನ ಮರ, ಅದರಡಿ ಒಂದು ಕೆಂಪು ಕಾರು. ಕೆಂಪು ಎಂಬುದು ಈಗ ಅದರ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಹನ್ನೆರಡು ಬೇಸಿಗೆಯ ಬಿಸಿಲು, ಎರೆಮಣ್ಣಿನ ಧೂಳು ಮತ್ತು ಮರದ ಮೇಲಿನ ಕಾಗೆಗಳು ಸೇರಿ ಅದನ್ನು ಹಳೇ ಇಟ್ಟಿಗೆಯ ಬಣ್ಣಕ್ಕೆ ತಂದಿದ್ದವು. ಅದರಿಂದ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ತಿರ್ಲಾಪುರದಿಂದ.

ಮಗಳು ಸುಮಾಳನ್ನು ನೋಡಲು ಅಲ್ಲಿಯ ಒಂದು ಮನೆತನದವರು ಬಂದಿದ್ದರು. ಹುಡುಗಿ ಒಪ್ಪಿಗೆಯಾಯಿತು. ಉಪ್ಪಿಟ್ಟೂ ಒಪ್ಪಿಗೆಯಾಯಿತು. ಹೋಗುವಾಗ ಹುಡುಗನ ಕಾಕಾ, ಕಪ್ಪು ಮೀಸೆಯ ಭಾರೀ ಆಸಾಮಿ, ಕಾರಿನ ಬಾನೆಟ್ಟಿನ ಮೇಲೆ ಒಂದು ಬೆರಳು ಎಳೆದ. ಬೆರಳಿಗೆ ಹತ್ತಿದ ಪುಡಿಯನ್ನು ನೋಡಿ ಕರವಸ್ತ್ರಕ್ಕೆ ಒರೆಸಿಕೊಂಡ.

"ಇದು ನಿಮ್ಮ ಗಾಡೀನೇನ್ರಿ? ಯಾರೋ ಬಿಟ್ಟು ಹೋಗ್ಯಾರ ಅಂತ ತಿಳ್ಕೊಂಡಿದ್ದೆ!"

ಮುಂದಿನ ರವಿವಾರ ನಾವು ಅವರ ಮನೆ ನೋಡಲು ಹೋಗಬೇಕು. ಮಾತು ಅಂತಿಮವಾಗುವುದು ಅಲ್ಲಿಯೇ.

"ಬಸ್ಸಿಗೆ ಹೋಗೂಣು," ಎಂದಳು ನನ್ನ ಹೆಂಡತಿ ಗಿರಿಜಾ.

"ಬಸ್ಸಿಗೆ? ಆ ಮನುಷ್ಯಾ ನಮ್ಮ ಬಾನೆಟ್ಟಿನ್ಯಾಗ ತನ್ನ ಮೀಸಿ ನೋಡ್ಕೋಬೇಕು. ಹಂಗ ಹೊಳಸ್ತೀನಿ!"

"ಮೀಸಿ ನೋಡ್ಕೊಳ್ಳಾಕ ಅವರ ಮನಿಯಾಗ ಕನ್ನಡಿ ಇಲ್ಲೇನ್ರಿ?"

ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಕಾರಿಗೆ ಹೊಳಪು ಕೊಡುವ ಪಾಲಿಶಿನ ಎರಡು ಡಬ್ಬಿ ತಂದೆ. ಎದುರು ಮನೆಯ ಖಾದರಸಾಬ, ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಹೊಡೆಯುವವನು, ಡಬ್ಬಿಗಳನ್ನು ತಿರುಗಿಸಿ ನೋಡಿದ.

"ಸಾಹೇಬ್ರ, ಇದು ತಿಕ್ಕೂದು, ಇದು ಹಚ್ಚೂದು. ತಿಕ್ಕೂದು ಅಂದ್ರ ಸಣ್ಣ ಉಸುಕಿದ್ದಂಗ್ರಿ. ಹಗೂರಕ ಎರಡ ಸಲ ಕೈಯಾಡಿಸಿ ಬಿಡ್ರಿ. ಜಾಸ್ತಿ ತಿಕ್ಕಿದ್ರ ಬಣ್ಣಾನ ಎದ್ದು ಬರ್ತೈತಿ. ಇಲ್ಲಾಂದ್ರ ನನಗ ಬಿಡ್ರಿ, ಸಂಜೀಕ ಮಾಡಿ ಕೊಡ್ತೀನಿ."

"ಟ್ರೇಲರ್ ಬ್ಯಾರೆ, ಕಾರ್ ಬ್ಯಾರೆ, ಖಾದರಸಾಬ," ಎಂದೆ ಕನಿಕರದಿಂದ. ಅವನೂ ನನ್ನನ್ನು ಕನಿಕರದಿಂದಲೇ ನೋಡಿದ. ಯಾರ ಕನಿಕರ ನಿಯಮಾನುಸಾರವಾಗಿತ್ತು ಎಂಬುದು ಈಗ ತಿಳಿದಿದೆ.

ಶುಕ್ರವಾರ ಬೆಳಿಗ್ಗೆ ಕೆಲಸ ಆರಂಭವಾಯಿತು. ಎರಡು ಸಲ ಕೈಯಾಡಿಸಿದೆ. ಆಹಾ! ಅಂಗೈಯಗಲ ಜಾಗದಲ್ಲಿ ಹನ್ನೆರಡು ವರ್ಷದ ಹಿಂದಿನ ಕೆಂಪು ಎದ್ದು ಬಂತು. ಎರಡು ಸಲಕ್ಕೇ ಇಷ್ಟಾದರೆ ಇನ್ನೂರು ಸಲಕ್ಕೆ ಎಷ್ಟಾಗಬೇಡ? ಇದು ಶುದ್ಧ ಗಣಿತ. ಗಣಿತವನ್ನು ನಂಬಿ ತಿಕ್ಕಿದೆ. ಮಧ್ಯಾಹ್ನಕ್ಕೆ ಡಬ್ಬಿ ತಳ ಕಂಡಿತು. ಬಾನೆಟ್ಟು ಅರ್ಧ ಉಳಿಯಿತು.

ಆಗ ಹೊಳೆಯಿತು ನನ್ನ ತಲೆ. (ಒಳಗಡೆ. ಹೊರಗಡೆ ಅದು ಎಂದೋ ಹೊಳೆಯುತ್ತಿದೆ.) ನಮ್ಮ ಮನೆಯಲ್ಲಿ ಬೆಳ್ಳಿಯ ಲಿಂಗದ ಕರಡಿಗೆಯನ್ನು ಯಾವುದರಿಂದ ಬೆಳಗುತ್ತಾರೆ? ವಿಭೂತಿಯಿಂದ! ನಮ್ಮಜ್ಜಿಯ ಕಾಲದಿಂದ ಬೆಳಗಿದರೂ ಕರಡಿಗೆ ಸವೆದಿಲ್ಲ. ಕಾರು ಅದಕ್ಕಿಂತ ಪವಿತ್ರವೇ? ಮೂರು ಗಟ್ಟಿ ವಿಭೂತಿ ಪುಡಿ ಮಾಡಿ, ಡಬ್ಬಿಯ ತಳ ಕೆರೆದು ಅದರಲ್ಲಿ ಕಲಸಿದೆ.

"ದೇವರ ಮನ್ಯಾಗಿನ ಗಟ್ಟಿ ಎಲ್ಲಿ ಹೋದ್ವು?" ಒಳಗಿನಿಂದ ಗಿರಿಜಾ ಕೂಗಿದಳು.

"ಮಗಳ ಕಲ್ಯಾಣಕ್ಕ ಹೋಗ್ಯಾವು!"

ಇಲ್ಲಿ ಒಂದು ಸೂಕ್ಷ್ಮವನ್ನು ದಾಖಲಿಸಬೇಕು. ಅರವತ್ತು ವರ್ಷದಿಂದ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಕೈ ಇದು. ವಿಭೂತಿ ಮುಟ್ಟಿದೊಡನೆ ಅದು ನನ್ನ ಅಪ್ಪಣೆಗೆ ಕಾಯುವುದಿಲ್ಲ. ಮೂರು ಬೆರಳು ತಾವಾಗಿಯೇ ಜೋಡಿಸಿಕೊಂಡವು. ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ಸಾಗಿದವು. ಶನಿವಾರ ಮಧ್ಯಾಹ್ನದವರೆಗೂ ಸಾಗಿದವು. ನಾನು ಬಾನೆಟ್ಟನ್ನು ನೋಡುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ನನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ.

ಕೊನೆಗೆ ನೀರು ಹಾಕಿ ತೊಳೆದು, ಒಣಗಿದ ಮೇಲೆ ನೋಡುತ್ತೇನೆ: ಕೆಂಪು ಬಣ್ಣ ಸವೆದು, ಕೆಳಗಿನ ಬೂದು ಪ್ರೈಮರ್ ಮೂರು ಪಟ್ಟೆಯಾಗಿ ಎದ್ದು ಕಾಣುತ್ತಿದೆ. ಅಗದಿ ಸಮಾನಾಂತರ! ಬಾನೆಟ್ಟಿನ ಈ ತುದಿಯಿಂದ ಆ ತುದಿಯವರೆಗೆ!

ಗಿರಿಜಾ ಬಂದಳು. ನಿಂತಳು. ನೋಡಿದಳು.

"ಪೂಜಿ ಎಷ್ಟೊತ್ತಿಗೈತ್ರಿ?" ಎಂದಳು.

ಹಚ್ಚುವ ಡಬ್ಬಿಯ ಮೇಣ ಹಚ್ಚಿದೆ. ಪಟ್ಟೆಗಳು ಹೋಗಲಿಲ್ಲ, ಅವೂ ಹೊಳೆಯತೊಡಗಿದವು. ಆಗ ನೆನಪಾಯಿತು: ತೊಳೆಯುವಾಗ, ಹಸಿ ಇದ್ದಷ್ಟು ಹೊತ್ತು, ಪಟ್ಟೆಗಳು ಕಪ್ಪಾಗಿ ಕೆಂಪಿನಲ್ಲಿ ಅಡಗಿದ್ದವು. ನೀರು ಆರುತ್ತದೆ. ಎಣ್ಣೆ ಆರುವುದಿಲ್ಲ! ರವಿವಾರ ಮುಂಜಾನೆ ಅಡುಗೆಮನೆಯ ಕುಸುಬಿ ಎಣ್ಣೆ ತಂದು ಮೊದಲು ಬಟ್ಟೆಯಿಂದ ಮೇಣ ತಿಕ್ಕಿ ತೆಗೆದೆ, ಆಮೇಲೆ ಬಾನೆಟ್ಟಿಗೆ ಎಣ್ಣೆ ಬಳಿದೆ. ಒಂದೇ ರೀತಿ ಕಾಣಲೆಂದು ಇಡೀ ಕಾರಿಗೂ ಬಳಿದೆ. ಪಟ್ಟೆಗಳು ಮಾಯ! ಕಾರು ಕುಸ್ತಿಗೆ ಇಳಿದ ಪೈಲವಾನನಂತೆ ಮಿಂಚಿತು.

ನಾವು ಕಾರು ಹತ್ತಿ ಹೊರಟಾಗ ಖಾದರಸಾಬ ತನ್ನ ಬಾಗಿಲಲ್ಲಿ ನಿಂತು, "ಒಗ್ಗರಣಿ ಯಾವಾಗ್ರಿ?" ಎಂದ. ನಾನು ಗಾಜು ಏರಿಸಿದೆ.

ಕುಸುಬಿ ಎಣ್ಣೆ ಬಿಸಿಲಿಗೆ ಅಂಟು ಪಾಕವಾಗುತ್ತದೆ ಎಂಬ ಮಾಹಿತಿ ನನ್ನ ಬಳಿ ಇರಲಿಲ್ಲ. ನವಲಗುಂದ ದಾಟುವಷ್ಟರಲ್ಲಿ ಮಾಹಿತಿ ಒದಗಿತು. ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಬಿಡಿ ಹತ್ತಿ ತುಂಬಿದ ಟ್ರೇಲರ್. ಗಾಳಿ ಎದುರಿನಿಂದ. ರಸ್ತೆ ಸಣ್ಣದು.

ಮೊದಲು ಒಂದು ಎಳೆ ಬಂದು ಕೂತಿತು. ಆಮೇಲೆ ಅದರ ಬಳಗವೆಲ್ಲ ಬಂತು.

"ರೀ," ಎಂದಳು ಗಿರಿಜಾ, "ಗಾಡಿಗೆ ಗಡ್ಡ ಬರಾಕತ್ತೇತಿ."

ವೈಪರ್ ಹಾಕಿದೆ. ಗಾಜಿಗೂ ಗಡ್ಡ ಬಂತು.

ತಿರ್ಲಾಪುರದಲ್ಲಿ ಕಾಕಾ ಕಟ್ಟೆಯ ಮೇಲೆ ನಿಂತಿದ್ದ. ಬಿಳಿ ಕುರಿಯೊಂದು ಹಾರ್ನ್ ಹೊಡೆಯುತ್ತ ಬಂದು ತನ್ನ ಅಂಗಳದಲ್ಲಿ ನಿಂತದ್ದನ್ನು ನೋಡಿದ. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ.

"ಅಲ್ರಿ, ನಮ್ಮ ಹೊಲದಾಗ ಹತ್ತಿ ಬಿಡಸಾಕ ಆಳು ಸಿಗವಲ್ರು. ನಾಳೆ ನಿಮ್ಮ ಗಾಡಿ ಅಷ್ಟ ಒಂದ ಸುತ್ತು ಹೊಡಸ್ರಲಾ!"

ಓಣಿಯೇ ನಕ್ಕಿತು. ನನ್ನ ಮಗಳ ಸಂಬಂಧ ಅಂಟಿಕೊಂಡ ಹತ್ತಿಯಂತೆ ಅಲ್ಲೇ ಅಲ್ಲಾಡುತ್ತಿತ್ತು. ಕಾಕಾ ಉಪಕಾರ ಬೇರೆ ಮಾಡಿದ: ಸೋಪಿನ ನೀರು ತರಿಸಿ, ಗೋಣಿಚೀಲದಿಂದ ಸ್ವತಃ ಬಾನೆಟ್ಟು ತಿಕ್ಕಿದ. "ಬ್ಯಾಡ್ರಿ, ಬ್ಯಾಡ್ರಿ" ಎಂದು ನಾನು ಅಡ್ಡ ಹೋದದ್ದನ್ನು ಸಂಕೋಚವೆಂದು ತಿಳಿದ. ಹತ್ತಿ ಹೋಯಿತು. ಎಣ್ಣೆ ಹೋಯಿತು. ನೀರು ಆರಿತು. ಮೂರು ಪಟ್ಟೆಗಳು ಒಂದೊಂದಾಗಿ ದರ್ಶನ ಕೊಟ್ಟವು.

ಅಷ್ಟರಲ್ಲಿ ಹುಡುಗನ ಆಯಿ, ಕಾಕಾನ ತಾಯಿ, ಕೋಲೂರಿಕೊಂಡು ಹೊರಗೆ ಬಂದಳು. ಬಾನೆಟ್ಟಿಗೆ ಗೇಣು ದೂರದವರೆಗೆ ಮುಖ ತಂದಳು.

"ಯಾರದಪಾ ಗಾಡಿ?"

"ಹುಡುಗಿ ಅಪ್ಪಂದಬೇ," ಎಂದ ಕಾಕಾ.

ಆಯಿ ಕೋಲು ಕಂಕುಳಿಗೆ ಸಿಗಿಸಿ ಎರಡೂ ಕೈ ಮುಗಿದಳು. "ಗಾಡಿ ಹಣಿಮ್ಯಾಲೂ ವಿಭೂತಿ ಇಡೂ ಮಂದಿ! ಇಂಥಾ ಆಚಾರವಂತರ ಮನೆತನಾ ಬಿಟ್ಟು ಇನ್ನೇನ ಹುಡುಕ್ತೀರ್ಯೋ? ಸಕ್ರಿ ತರ್ರಿ ಮೊದಲ!"

ಸತ್ಯ ಹೇಳಲು ನನಗೆ ಸಾಕಷ್ಟು ಅವಕಾಶವಿತ್ತು. ನಾನು ತಲೆ ಬಾಗಿಸಿ, "ಎಲ್ಲಾ ನಿಮ್ಮಂಥ ಹಿರೇರ ಆಶೀರ್ವಾದ್ರಿ," ಎಂದೆ. ಗಿರಿಜಾ ಕೆಮ್ಮಿದಳು.

ಬಾಯಿಗೆ ಸಕ್ಕರೆ ಬಿತ್ತು. ಸಂಬಂಧ ಗಟ್ಟಿಯಾಯಿತು. ಬೀಳ್ಕೊಡುವಾಗ ಕಾಕಾ ಕಿಟಕಿಯೊಳಗೆ ಮೀಸೆ ತೂರಿಸಿದ.

"ತಿಕ್ಕೂ ಡಬ್ಬಿ ಎಷ್ಟೊತ್ತು ತಿಕ್ಕಿದ್ರಿ?"

"ಎರಡು ದಿನಾ," ಎಂದೆ ಸಣ್ಣ ದನಿಯಲ್ಲಿ.

"ಭೇಷ್! ನಮ್ಮವ್ವ ಹೇಳ್ಯಾಳ, ಮದುವಿ ದಿನಾ ಮದುಮಗಾ ಇದ ಗಾಡ್ಯಾಗ ಬರಬೇಕಂತ. ಬಣ್ಣಾ ಗಿಣ್ಣಾ ಹೊಡಿಸಿಬಿಟ್ಟೀರಿ ಮತ್ತ, ಜ್ವಾಕಿ!"

ಹೀಗಾಗಿ ಬಾನೆಟ್ಟಿಗೆ ಬಣ್ಣ ಹೊಡೆಯಲು ಬಂದ ಖಾದರಸಾಬನನ್ನು ಗಿರಿಜಾ ವಾಪಸು ಕಳಿಸಿದಳು. ಪಟ್ಟೆಗಳು ತುಕ್ಕು ಹಿಡಿಯಬಾರದೆಂದು ಅವನೇ ಆಗಾಗ ಬಂದು ಬೂದು ಬಣ್ಣ ತೀಡಿ ಹೋಗುತ್ತಾನೆ. "ನಡುವಿಂದು ಸೊಟ್ಟ ಹೋಗೇತ್ರಿ ಸಾಹೇಬ್ರ, ನೆಟ್ಟಗ ಮಾಡೀನಿ," ಎಂದು ವರದಿ ಒಪ್ಪಿಸುತ್ತಾನೆ.

ಈಗ ನಮ್ಮ ಓಣಿಯಲ್ಲಿ ಹೋಗುವ ಹಿರಿಯರು ಬೇವಿನ ಮರದಡಿ ಒಂದು ಕ್ಷಣ ನಿಂತು ಕಾರಿಗೆ ಕೈ ಮುಗಿದು ಹೋಗುತ್ತಾರೆ. ನಾನೂ ಹಣೆಯ ಮೇಲೆ ವಿಭೂತಿ ಧರಿಸಿ ಅದರ ಬಾಜುಕ್ಕೇ ನಿಂತಿರುತ್ತೇನೆ.

ನನಗೆ ಯಾರೂ ಕೈ ಮುಗಿಯುವುದಿಲ್ಲ.